ಗ್ಯಾಸು ಕುಡಿದ ಪುಡಿ

"ಆ ಸಿಗರೇಟು ತುಂಡು ಎಲ್ಲಿ ಸಿಕ್ತು ಅಂದ್ರಿ ಸಾರ್?"

"ಇಲ್ಲೇ ಕಣಮ್ಮ. ಟ್ಯಾಂಕಿನ ಕಾಲ ಹತ್ರ." ಇನ್ಸ್‌ಪೆಕ್ಟರು ಬೂಟಿನ ತುದಿಯಿಂದ ಜಾಗ ತೋರಿಸಿದ್ರು.

ನಾನು ಒಂದ್ಸಲ ಸುತ್ತ ನೋಡ್ದೆ. ಪ್ಲಾಸ್ಟಿಕ್ ಕುರ್ಚಿ ಕರಗಿ ನೆಲಕ್ಕೆ ಅಂಟಿತ್ತು. ಸೀಲಿಂಗ್ ಫ್ಯಾನಿನ ರೆಕ್ಕೆ ಬಾಡಿದ ಬಾಳೆ ಎಲೆ ಥರ ಕೆಳಗೆ ಜೋತು ಬಿದ್ದಿತ್ತು. ಗೋಡೆ ಮೇಲಿನ "ಎಚ್ಚರಿಕೆ" ಬೋರ್ಡಲ್ಲಿ ಬರೀ "ಎ" ಉಳ್ಕೊಂಡಿತ್ತು.

"ಸಾರ್, ಇಷ್ಟು ದೊಡ್ಡ ಬೋರ್ಡೇ ಸುಟ್ಟೋಗಿದೆ. ಪೇಪರಲ್ಲಿ ಸುತ್ತಿದ ಸಿಗರೇಟು ಮಾತ್ರ ಅಂಗಡಿಯಿಂದ ಈಗ ತಂದ ಹಾಗೆ ಬೆಳ್ಳಗೆ ಕೂತಿತ್ತಾ? ಬೆಂಕಿಗೂ ಧೂಮಪಾನ ನಿಷೇಧ ಇದ್ಯಾ?"

ಇನ್ಸ್‌ಪೆಕ್ಟರು ಮೀಸೆ ಒಳಗೇ ನಕ್ಕರು. ನಂಗೆ ನಗು ಬರ್ಲಿಲ್ಲ. ಮೈಯೆಲ್ಲ ಉರೀತಿತ್ತು.

ಯಾಕಂದ್ರೆ ಆ ಸಿಗರೇಟು ನನ್ನ ಭಾವಂದಂತೆ. ಈ ಹೈಡ್ರೋಜನ್ ಟ್ಯಾಂಕ್ ಫ್ಯಾಕ್ಟರಿಯ ಗ್ಯಾಸ್ ತುಂಬೋ ರೂಮಿಗೆ ಹೋದ ವಾರ ಬೆಂಕಿ ಬಿತ್ತು, ಭಾವ ಎರಡೂ ಕೈ ಸುಟ್ಕೊಂಡ್ರು, ತಪ್ಪೆಲ್ಲ ಅವರದ್ದೇ ಅಂತ ಕಂಪನಿ ಕೂಗ್ತಿದೆ. ನೀವು ಇಷ್ಟು ತಿಳ್ಕೊಂಡ್ರೆ ಸಾಕು, ಮುಂದಕ್ಕೆ ಹೋಗೋಣ.

"ನಮ್ಮ ಭಾವ ಸಿಗರೇಟು ಸೇದಲ್ಲ ಸಾರ್. ಪಕ್ಕದಲ್ಲಿ ಯಾರಾದ್ರೂ ಹಚ್ಚಿದ್ರೆ ಆ ಸೀಟಿಂದ ಎದ್ದು ಹೋಗೋ ಮನುಷ್ಯ."

"ಎಲ್ಲಾ ಹೆಂಡ್ತಿ ತಂಗೀರೂ ಹಂಗೇ ಹೇಳ್ತಾರಮ್ಮ." ಅವರು ಟೋಪಿ ತೆಗೆದು ತಲೆ ಕೆರ್ಕೊಂಡ್ರು. "ನಿಮ್ಮ ಭಾವ ಗ್ಯಾಸಿನ ವಾಲ್ವ್ ತೆಗೆದಿಟ್ಟು ಮರೆತ್ರು. ಗ್ಯಾಸ್ ಹೊರಗೆ ಬಂತು. ಸಿಗರೇಟು ಹಚ್ಚಿದ್ರು. ಬೆಂಕಿ. ಕಂಪನಿಯೋರು ಹೇಳ್ತಿರೋದು ಇದು. ಗಂಟಲಿಗೆ ಹೊಗೆ ಹೋಗಿ ಅವರಿಗೆ ಮಾತು ಬರ್ತಿಲ್ಲ. ಬಂದ ತಕ್ಷಣ ಕರ್ಕೊಂಡು ಹೋಗ್ತೀನಿ. ಇವತ್ತೇ ಬರ್ಬೋದು ಅಂದ್ರು ಡಾಕ್ಟ್ರು."

ಇವತ್ತೇ. ಮಾತಾಡೋಕೆ ಬಾಯಿಲ್ಲದೋನ ಮೇಲೆ ಕತೆ ಕಟ್ಟೋದು ಎಷ್ಟು ಸುಲಭ ನೋಡಿ! ಹಾಸಿಗೆ ಮೇಲೆ ಎರಡು ಕೈಗೂ ಬ್ಯಾಂಡೇಜು ಸುತ್ಕೊಂಡು ಮಲಗಿರೋನು ಬಾಯಿ ತೆಗೆದ ಕೂಡ್ಲೇ ಬೇಡಿ!

"ಸಾರ್, ಒಂದು ಐದು ನಿಮಿಷ ಕೊಡಿ. ಟ್ಯಾಂಕಿನ ಹಿಂದುಗಡೆಗೆ ಬನ್ನಿ. ಹೊಟ್ಟೆ ಒಳಗೆ ಎಳ್ಕೊಳ್ಳಿ, ಜಾಗ ಕಮ್ಮಿ."

ಟ್ಯಾಂಕು ಅಂದ್ರೆ ಆಳೆತ್ತರದ ಕಬ್ಬಿಣದ ಡ್ರಮ್ಮು. ಗೋಡೌನಲ್ಲಿ ಓಡಾಡೋ ಸಾಮಾನು ಎತ್ತೋ ಗಾಡಿಗಳಿಗೆ ಇದನ್ನ ಕೂರಿಸ್ತಾರೆ, ಗಾಡಿ ಹೈಡ್ರೋಜನಲ್ಲಿ ಓಡತ್ತೆ. ಈ ಟ್ಯಾಂಕನ್ನ ಬೆಂಕಿ ಬಿದ್ದ ಮಾರನೇ ದಿನ ಬರ್ಬೇಕಿದ್ದ ಗಿರಾಕಿಗಳಿಗೆ ತೋರಿಸೋಕೆ ಅಂತ ಹೊಸ ಬಣ್ಣ ಹೊಡೆದಿದ್ರು. ಗೀರು ಬೀಳ್ಬಾರ್ದು ಅಂತ ಮೈಗೆಲ್ಲ ತೆಳ್ಳನೆ ಪ್ಲಾಸ್ಟಿಕ್ ಹಾಳೆ ಸುತ್ತಿದ್ರು. ಮುಂದುಗಡೆ ಆ ಹಾಳೆ ಸುಟ್ಟು ಕರ್ರಗಾಗಿತ್ತು. ಬೆಂಕಿ ಬಿದ್ದಿದ್ದು ಆ ಕಡೆಗೇ, ಸರಿ.

"ಈಗ ಹಿಂದೆ ನೋಡಿ. ಗೋಡೆ ಹೇಗಿದೆ?"

"ಬೆಳ್ಳಗಿದೆ."

"ಮಸಿ?"

"ಇಲ್ಲ."

"ಅಂದ್ರೆ ಬೆಂಕಿ ಈ ಕಡೆ ಬರ್ಲೇ ಇಲ್ಲ. ಈಗ ಹಾಳೆ ಮುಟ್ಟಿ."

ಅವರು ಮುಟ್ಟಿದ್ರು. ಹಾಳೆ ಮುದುಡಿ, ಸುಕ್ಕುಗಟ್ಟಿ, ಟ್ಯಾಂಕಿಗೆ ಕಚ್ಕೊಂಡು ಬಿಗಿದಿತ್ತು. ಆರಿದ ಹಾಲಿನ ಕೆನೆ ಥರ.

"ಬೆಂಕಿ ಬರದ ಕಡೆ ಹಾಳೆ ಯಾಕೆ ಮುದುಡ್ತು ಸಾರ್?"

ಅವರು ಹಾಳೆ ನೋಡಿದ್ರು, ಗೋಡೆ ನೋಡಿದ್ರು, ನನ್ನ ನೋಡಿದ್ರು. "ಟ್ಯಾಂಕೇ ಬಿಸಿ ಆಗಿತ್ತು ಅಂತೀಯಾ?"

"ಒಳಗಿಂದ!"

ಇದನ್ನ ನಾನು ನಿನ್ನೆ ಅಕ್ಕನ ಅಡುಗೆಮನೇಲಿ ಪರೀಕ್ಷೆ ಮಾಡಿದ್ದೆ. ಫ್ಯಾಕ್ಟರಿ ಕಸದಲ್ಲಿ ಅದೇ ಹಾಳೆಯ ಉಳಿದ ಸುರುಳಿ ಸಿಕ್ಕಿತ್ತು. ಒಂದು ತುಂಡನ್ನ ನೀರಲ್ಲಿ ಮುಳುಗಿಸಿ ಒಲೆ ಮೇಲಿಟ್ಟೆ. ನೀರು ಬೆಚ್ಚಗಾಯ್ತು, ಹಾಳೆ ಹಂಗೇ ಕೂತಿತ್ತು. ಬಿಸಿ ಆಯ್ತು, ಆಗ್ಲೂ ಅಲ್ಲಾಡ್ಲಿಲ್ಲ. ಕುದಿ ಬರೋ ಹೊತ್ತಿಗೆ ನೋಡಿ, ಒಂದೇ ಸಲ ಮುದುಡ್ಕೊಂಡ್ಬಿಡ್ತು.

ಅಕ್ಕ ಹಿಂದಿಂದ ಬಂದು ನಿಂತಿದ್ಲು. "ಲೋಹದ ಓದು ಓದಿ, ಕೆಲಸ ಬಿಟ್ಟು, ಸೈಕಲ್ ಅಂಗಡಿ ಮಹಡೀಲಿ ಒಂದು ಮೇಜು ಹಾಕ್ಕೊಂಡು ಪತ್ತೇದಾರಿ ಅಂತ ಬೋರ್ಡು ತಗಲಾಕಿದೀಯ. ಈಗ ನನ್ನ ಪಾತ್ರೇಲಿ ಪ್ಲಾಸ್ಟಿಕ್ ಬೇಯಿಸ್ತಿದೀಯ."

"ಅಕ್ಕಾ, ಇದ್ರಿಂದಾನೇ ಭಾವ ಉಳಿಯೋದು."

ಅವಳು ಸೌಟು ತಗೊಂಡು ಬಂದು ನನ್ನ ಪಕ್ಕ ನಿಂತು ಹಾಳೇನ ತಿರುವಿ ಹಾಕಿದ್ಲು. ಆಮೇಲೆ ಮೆಲ್ಲಗೆ, "ಕೈ ಸುಟ್ಟೋನನ್ನೇ ಕಳ್ಳ ಅಂತಾರಲ್ಲೇ, ಇವರ ನಾಲಿಗೆಗೆ ಏನಾಗಿದೆಯೇ," ಅಂದ್ಲು. ಸೆರಗಲ್ಲಿ ಕಣ್ಣು ಒರೆಸ್ಕೊಂಡ್ಲು. ಅವಳು ಅಳೋದು ನಾನು ನೋಡಿದ್ದು ಕಮ್ಮಿ. ಅವಳು ಸಿಟ್ಟಾದ್ರೇನೇ ನಂಗೆ ನೆಮ್ಮದಿ.

"ಒಳ್ಳೇ ಪ್ರಶ್ನೆ!"

ಇತ್ತ ಫ್ಯಾಕ್ಟರಿ ರೂಮಿನ ಬಾಗಿಲ ಹತ್ರದಿಂದ ದನಿ ಬಂತು. ಈ ಟ್ಯಾಂಕಿನ ವಿನ್ಯಾಸ ಮಾಡಿದ ಮುಖ್ಯ ಎಂಜಿನಿಯರು. ಎಲ್ಲರೂ ಪ್ರೊಫೆಸರ್ ಅಂತಾರೆ. ಪಾಠ ಮಾಡಿದೋರೇನಲ್ಲ. ಯಾರು ಏನೇ ಕೇಳ್ಲಿ, ಟೀ ಆಯ್ತಾ ಅಂತ ಕೇಳಿದ್ರೂ, "ಒಳ್ಳೇ ಪ್ರಶ್ನೆ" ಅಂತ ಶುರು ಮಾಡ್ತಾರೆ. ಅದಕ್ಕೆ ಆ ಹೆಸರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಜೇಬಲ್ಲಿ ಬಣ್ಣಬಣ್ಣದ ಪೆನ್ನು, ಸುಟ್ಟ ರೂಮಲ್ಲೂ ಮಸಿ ತಾಗದ ಹಾಗೆ ನಡೆಯೋ ಕಲೆ.

"ಟ್ಯಾಂಕ್ ಬಿಸಿ ಆಗಿದ್ದು ಬೆಂಕಿಯಿಂದ," ಅಂದ್ರು. "ಕಬ್ಬಿಣ ಅಲ್ವಾಮ್ಮಾ. ಒಂದು ಕಡೆ ಕಾದ್ರೆ ಇನ್ನೊಂದು ಕಡೆಗೂ ಹೋಗತ್ತೆ. ಸಣ್ಣ ವಿಷಯ."

"ಹಂಗಿದ್ರೆ ಮುಂದಿನಿಂದ ಹಿಂದಕ್ಕೆ ಬರ್ತಾ ಬರ್ತಾ ಸುಕ್ಕು ಕಮ್ಮಿ ಆಗ್ಬೇಕಿತ್ತು. ಇಲ್ಲಿ ಮೇಲಿಂದ ಕೆಳಗಿನವರೆಗೂ ಒಂದೇ ಸಮ. ಹೊದಿಕೆ ಹೊದಿಸಿದ ಹಾಗೆ."

ಅವರು ಕನ್ನಡಕ ಒರೆಸ್ಕೊಂಡ್ರು.

"ಇನ್ಸ್‌ಪೆಕ್ಟರ್ ಸಾರ್, ನಿಮ್ಮನೇಲಿ ಒಲೆ ಜೋರಾಗಿ ತುಂಬಾ ಹೊತ್ತು ಉರಿಸಿದಾಗ ಸಿಲಿಂಡರ್ ಮುಟ್ಟಿದೀರಾ?"

"ತಣ್ಣಗಿರತ್ತೆ. ಕೆಳಗಡೆ ಬೆವರು ಬಂದಿರತ್ತೆ."

"ಗ್ಯಾಸ್ ಹೊರಗೆ ಹೋಗ್ತಾ ಬಿಸೀನ ಎತ್ಕೊಂಡು ಹೋಗತ್ತೆ, ಅದಕ್ಕೆ. ಈ ಟ್ಯಾಂಕಲ್ಲಿ ಅದು ಇನ್ನೂ ಜೋರು. ಇದರೊಳಗೆ ಬರೀ ಗ್ಯಾಸ್ ತುಂಬಿರಲ್ಲ. ಪುಡಿ ಇದೆ. ಬೇರೆ ಬೇರೆ ಲೋಹ ಕರಗಿಸಿ ಬೆರೆಸಿ ಪುಡಿ ಮಾಡಿದ್ದು. ಆ ಪುಡಿ ಹೈಡ್ರೋಜನನ್ನ ಕುಡಿಯತ್ತೆ ಸಾರ್! ತುಂಬಿದ ಬಸ್ಸಲ್ಲೂ ಜನ ಸಂದೀಲಿ ನಿಲ್ತಾರಲ್ಲ, ಹಂಗೆ ಗ್ಯಾಸು ಲೋಹದ ಪರಮಾಣುಗಳ ಸಂದೀಲಿ ಹೋಗಿ ನಿಂತ್ಕೊಳತ್ತೆ. ಎಷ್ಟು ಚೆಂದ ಗೊತ್ತಾ..."

"ಚೆಂದ ಆಮೇಲೆ. ವಿಷಯಕ್ಕೆ ಬಾ," ಅಂದ್ರು ಇನ್ಸ್‌ಪೆಕ್ಟರು.

"ಕುಡಿಯೋವಾಗ ಪುಡಿ ಬಿಸಿ ಆಗತ್ತೆ. ಹೊರಗೆ ಬಿಡೋವಾಗ ತಣ್ಣಗಾಗತ್ತೆ. ಯಾವತ್ತೂ ಉಲ್ಟಾ ಆಗಲ್ಲ. ವಾಲ್ವ್ ತೆಗೆದಿಟ್ಟು ಗ್ಯಾಸ್ ಹೊರಗೆ ಹೋಗಿದ್ರೆ ಟ್ಯಾಂಕ್ ಕೊರೆಯೋಷ್ಟು ತಣ್ಣಗಾಗಿರ್ತಿತ್ತು. ತಣ್ಣಗಾದ ಪುಡಿ ಗ್ಯಾಸ್ ಬಿಡೋದನ್ನೂ ಕಮ್ಮಿ ಮಾಡತ್ತೆ. ಸೋರಿಕೆ ತನ್ನಷ್ಟಕ್ಕೆ ತಾನೇ ಸೊರಗತ್ತೆ. ಇದೇ ಇದರ ದೊಡ್ಡ ಗುಣ ಅಂತ ಇವರದ್ದೇ ಕಂಪನಿ ಜಾಹೀರಾತಲ್ಲಿ ಕೊಚ್ಕೊಳತ್ತೆ! ಗಿರಾಕಿಗಳ ಮುಂದೆ ಒಂದು ವಿಜ್ಞಾನ, ಪೊಲೀಸ್ ಮುಂದೆ ಇನ್ನೊಂದಾ?"

ಇನ್ಸ್‌ಪೆಕ್ಟರು ಈಗ ಪ್ರೊಫೆಸರ್ ಕಡೆ ತಿರುಗಿದ್ರು. ಮೀಸೆ ಒಳಗಿನ ನಗು ಹೋಗಿತ್ತು.

"ಟ್ಯಾಂಕ್ ಬಿಸಿ ಇತ್ತು ಅಂದ್ರೆ ಗ್ಯಾಸ್ ಒಳಗೆ ಹೋಗ್ತಿತ್ತು," ನಾನು ಬಿಡ್ಲಿಲ್ಲ. "ಯಾರೋ ತುಂಬಿಸ್ತಿದ್ರು. ಅದೂ ಹೆಂಗೆ? ಬಿಸಿ ಆದಷ್ಟೂ ಪುಡಿ ಹಟ ಮಾಡತ್ತೆ, ಸಾಕು ಅಂತ ಗ್ಯಾಸನ್ನ ವಾಪಸ್ ತಳ್ಳತ್ತೆ. ಅದಕ್ಕೇ ತುಂಬೋವಾಗ ಟ್ಯಾಂಕಿನೊಳಗಿನ ಸುರುಳಿ ಪೈಪಲ್ಲಿ ತಣ್ಣೀರು ಓಡಿಸ್ಬೇಕು. ನೀರಿಲ್ಲದೆ ಇನ್ನೂ ಕುಡಿಸ್ಬೇಕಂದ್ರೆ ಒತ್ತಡ ಏರಿಸ್ಬೇಕು. ಇಷ್ಟು ಬಿಸಿಗೆ ಇಷ್ಟು ಒತ್ತಡ ಅಂತ ಪ್ರತಿ ಪುಡಿಗೂ ಒಂದು ಲೆಕ್ಕ ಇದೆ. ಕುದಿಯೋ ನೀರಿನಷ್ಟು ಬಿಸಿ ಆಗ್ಬೇಕಂದ್ರೆ, ನಿಮ್ಮ ಈ ಪುಡಿಗೆ, ಮೀಟರ್ ಮುಳ್ಳು ಹಸಿರು ಪಟ್ಟಿ ದಾಟಿ, ಕೆಂಪಿನ ಒಳಗೆ ಹೋಗಿರ್ಬೇಕು. ಆ ಒತ್ತಡಕ್ಕೆ ತುಂಬೋ ಪೈಪು ಒಡೀತು. ರಭಸವಾಗಿ ನುಗ್ಗೋ ಹೈಡ್ರೋಜನ್‌ಗೆ ಒಂದು ಸಣ್ಣ ಕಿಡಿ ಸಾಕು, ಬೆಂಕಿ ಬಿದ್ದಿದ್ದು ಹಂಗೆ. ನಮ್ಮ ಭಾವ ಒಳಗೆ ನುಗ್ಗಿ ಮುಖ್ಯ ವಾಲ್ವ್ ಮುಚ್ಚಿದ್ರು, ಅದಕ್ಕೇ ಎರಡೂ ಕೈ ಸುಟ್ಟಿದ್ದು. ಇಲ್ಲಾಂದ್ರೆ ಇವತ್ತು ಈ ಫ್ಯಾಕ್ಟರೀನೇ ಇರ್ತಿರ್ಲಿಲ್ಲ, ನಿಮ್ಮ ಇಸ್ತ್ರಿ ಶರ್ಟೂ ಇರ್ತಿರ್ಲಿಲ್ಲ!"

ಫ್ಯಾನಿನ ಜೋತು ಬಿದ್ದ ರೆಕ್ಕೆ ಗಾಳಿಗೆ ಕಿರ್ ಅಂತು.

"ನೀರು ಯಾಕಿರ್ಲಿಲ್ಲ ಪ್ರೊಫೆಸರೇ? ಒತ್ತಡ ಯಾರು ಏರಿಸಿದ್ರು?"

ಅವರು "ಒಳ್ಳೇ ಪ್ರಶ್ನೆ" ಅನ್ಲಿಲ್ಲ. ಮೊದಲನೇ ಸಲ.

"ಬನ್ನಿ," ಅಂದ್ರು. "ತೋರಿಸ್ತೀನಿ."

ನಮ್ಮನ್ನ ಹೊರಗೆ ಕರ್ಕೊಂಡು ಹೋದ್ರು. ಫ್ಯಾಕ್ಟರಿ ಗೇಟಿನ ಮುಂದೆ, ಗಾಡಿಗಳು ತಿರುಗೋ ಜಾಗದ ನಡುವೆ ಒಂದು ಕಾರಂಜಿ. ಸಿಮೆಂಟಿನ ಮೂರು ಮೀನು ಬಾಯಿ ತೆಗ್ದು ಆಕಾಶಕ್ಕೆ ನೀರು ಉಗೀತಿದ್ವು. ಬಿಸಿಲಿಗೆ ಫಳಫಳ. ಪ್ರೊಫೆಸರ್ ಬಗ್ಗಿ ಹಿಂದಿನ ಚಿಕ್ಕ ಬಾಗಿಲು ತೆಗೆದ್ರು. ಒಳಗೆ ನೀಲಿ ಬಣ್ಣದ ಪಂಪು. ಅದರ ಮೈ ಮೇಲೆ ಅಚ್ಚು ಹೊಡೆದಿತ್ತು: "ತುಂಬುವ ಕೋಣೆ, ತಂಪು ನೀರು."

"ಗಿರಾಕಿಗಳು ಬರೋರಿದ್ರು," ಅಂದ್ರು. "ಕಾರಂಜಿ ಪಂಪು ಕೆಟ್ಟಿತ್ತು. ಗೇಟಿಗೆ ಬಂದ ಕೂಡ್ಲೇ ಒಣಗಿದ ಮೀನು ಕಂಡ್ರೆ ಚೆನ್ನಾಗಿರಲ್ಲ ಅನ್ನಿಸ್ತು. ಈ ಪಂಪನ್ನ ಹಿಂದಿನ ದಿನ ಇಲ್ಲಿಗೆ ಹಾಕಿಸ್ದೆ. ಟ್ಯಾಂಕ್ ತುಂಬೋದು ನಿಧಾನ ಆಯ್ತು. ಅವಸರಕ್ಕೆ ನಾನೇ ಕಂಪ್ರೆಸರ್ ಒತ್ತಡ ಏರಿಸಿ ಹೋದೆ. ನಿಮ್ಮ ಭಾವಂಗೆ ಹೇಳಿರ್ಲಿಲ್ಲ."

ಒಣಗಿದ ಮೀನು! ಸಿಮೆಂಟಿನ ಮೀನಿಗೆ ನೀರು ಕುಡಿಸೋಕೆ ಹೋಗಿ ಮನುಷ್ಯನ ಕೈ ಬೇಯಿಸಿದ್ರು!

"ಮತ್ತೆ ಸಿಗರೇಟು?"

ಅವರು ನೆಲ ನೋಡಿದ್ರು. "ಹೆದರ್ಕೊಂಡೆ."

"ಹೆದರ್ಕೊಂಡ್ರಂತೆ! ಕೇಳಿದ್ರಾ ಸಾರ್? ಇವರಿಗೆ ಹೆದರಿಕೆ ಆಯ್ತಂತೆ, ಅದಕ್ಕೆ ನಮ್ಮ ಅಕ್ಕ ದಿನಾ ಆಸ್ಪತ್ರೆ ಬೆಂಚಲ್ಲಿ ಕೂತು ಗಂಡಂಗೆ ಯಾವಾಗ ಬೇಡಿ ಬೀಳತ್ತೆ ಅಂತ ಬಾಗಿಲು ಕಾಯ್ಬೇಕು! ಅವಳಿಗೆ ಹೆದರಿಕೆ ಇರಲ್ವಾ? ಅವಳಿಗೆ ಹೆದರಿಕೆ ಆದಾಗ ಅವಳು ಯಾರ ಕಾಲ ಹತ್ರ ಸಿಗರೇಟು ಇಡ್ಬೇಕು?"

"ಸಾಕಮ್ಮ, ಉಸಿರು ತಗೋ," ಅಂದ್ರು ಇನ್ಸ್‌ಪೆಕ್ಟರು. ಆದ್ರೆ ಅವರ ದನೀಲೂ ಬಿಸಿ ಇತ್ತು. ಪ್ರೊಫೆಸರ್ ಕಡೆ ತಿರುಗಿ, "ಸಂಜೆ ಸ್ಟೇಷನ್ನಿಗೆ ಬರ್ಬೇಕು ನೀವು. ಊರು ಬಿಟ್ಟು ಹೋಗೋ ಹಾಗಿಲ್ಲ. ಮಾಡಿದ್ದು ಬೇಜವಾಬ್ದಾರಿ, ಆಮೇಲೆ ಸುಳ್ಳು ಬೇರೆ," ಅಂದ್ರು.

"ಬರ್ತೀನಿ." ಪ್ರೊಫೆಸರ್ ತಲೆ ತಗ್ಗಿಸಿದ್ರು. "ಒಂದು ಮಾತು. ಟ್ಯಾಂಕಿಗೆ ನೀವು ಹಾಕಿರೋ ಸೀಲು..."

"ಇನ್ನು ಯಾಕೆ ಅದು? ಏನಮ್ಮಾ ಪತ್ತೇದಾರಿ, ಟ್ಯಾಂಕಿಂದ ನಿಂಗಿನ್ನೇನಾದ್ರೂ ಬೇಕಾ?"

"ನಂಗೇನೂ ಬೇಡ ಸಾರ್. ಆ ದರಿದ್ರ ಟ್ಯಾಂಕಿನ ಮುಖ ನೋಡೋಕೂ ಇಷ್ಟ ಇಲ್ಲ. ತೆಗೀರಿ."

ಇನ್ಸ್‌ಪೆಕ್ಟರು ಒಳಗೆ ಹೋಗಿ ಸೀಲು ಕಿತ್ತು ಜೇಬಿಗೆ ಹಾಕ್ಕೊಂಡು ಬಂದು ಜೀಪು ಹತ್ತಿದ್ರು.

ನಾನು ಅಲ್ಲೇ ನಿಂತು ಅಕ್ಕಂಗೆ ಫೋನ್ ಮಾಡ್ದೆ. "ಅಕ್ಕಾ, ಭಾವಂದೇನೂ ತಪ್ಪಿಲ್ಲ ಅಂತ ಒಪ್ಕೊಂಡ್ರು! ಇನ್ಸ್‌ಪೆಕ್ಟರ್ ಮುಂದೇನೇ!"

ಆ ಕಡೆಯಿಂದ ಜೋರಾಗಿ, "ಯಾವನು ಆ ಸಿಗರೇಟು ಇಟ್ಟೋನು? ಹೆಸರು ಹೇಳು, ನಾನೇ ಬರ್ತೀನಿ," ಅಂತ ಕೂಗಿದ್ಲು. ಹಿಂದೆ ಯಾರೋ ನರ್ಸು "ಮೆತ್ತಗೆ ಮಾತಾಡಮ್ಮ" ಅಂದಿದ್ದು ಕೇಳಿಸ್ತು.

ಫೋನ್ ಇಟ್ಟಾಗ ಪ್ರೊಫೆಸರ್ ಇನ್ನೂ ಅಲ್ಲೇ ನಿಂತಿದ್ರು. "ನಿಮ್ಮ ಅಕ್ಕನ ಹತ್ರ ನಾನು ಕ್ಷಮೆ ಕೇಳ್ಬೇಕು. ನಂಬರ್ ಕೊಡ್ತೀರಾ?"

"ಕೇಳಿ. ಚೆನ್ನಾಗಿ ಬೈಸ್ಕೊಳ್ಳಿ," ಅಂತ ಕೊಟ್ಟೆ. ಕೊಟ್ಟು ಸ್ಕೂಟರ್ ಹತ್ತಿದೆ.

ದಾರಿಯುದ್ದಕ್ಕೂ ಹೆಲ್ಮೆಟ್ ಒಳಗೇ ಒಬ್ಳೇ ಭಾಷಣ ಮಾಡ್ಕೊಂಡು ಹೋದೆ. ಒಂದೆರಡು ಸಿಗ್ನಲಲ್ಲಿ ಪಕ್ಕದೋರು ತಿರುಗಿ ನೋಡಿದ್ರು. ನೋಡ್ಲಿ ಬಿಡಿ.

ವಾರ್ಡಲ್ಲಿ ಭಾವ ದಿಂಬಿಗೆ ಒರಗಿ ಕೂತಿದ್ರು. ಎರಡು ಕೈಗೂ ಬ್ಯಾಂಡೇಜು, ಬಾಕ್ಸಿಂಗಿಗೆ ಹೊರಟೋರ ಥರ. ನನ್ನ ನೋಡಿದ ಕೂಡ್ಲೇ ಹುಬ್ಬು ಏರಿಸಿದ್ರು.

"ಬಂದ್ಳಪ್ಪಾ ಪತ್ತೇದಾರಮ್ಮ." ದನಿ ಉಪ್ಪುಕಾಗದ ಉಜ್ಜಿದ ಹಾಗಿತ್ತು. ಆದ್ರೇನು, ದನಿ ಬಂದಿತ್ತು!

"ಭಾವಾ! ಮಾತು ಬಂತಾ!"

"ಬೆಳಿಗ್ಗೆ ಬಂತು. ಮೊದಲು ನಿಮ್ಮಕ್ಕನ ಹೆಸರು ಹೇಳ್ಬೇಕು ಅಂತಿದ್ದೆ. ಬಾಯಿಗೆ ಬಂದಿದ್ದು 'ನೀರು'. ಅದಕ್ಕೇ ಮುನಿಸ್ಕೊಂಡಿದಾಳೆ."

ನಾನು ನಕ್ಕು ಮಂಚದ ಅಂಚಲ್ಲಿ ಕೂತೆ. ಒಂದೇ ಉಸಿರಲ್ಲಿ ಎಲ್ಲಾ ಹೇಳ್ದೆ. ಹಾಳೆ, ಸುಕ್ಕು, ಒತ್ತಡ, ಮೀನು, ಪಂಪು. ಭಾವ ಮೊದಲು ತಲೆ ಆಡಿಸ್ತಾ ಇದ್ರು. ಪಂಪಿನ ವಿಷಯ ಬಂದಾಗ ತಲೆ ಆಡಿಸೋದು ನಿಂತೋಯ್ತು.

"ಯಾವ ಕಾರಂಜಿ?"

"ಗೇಟಿನ ಮುಂದೆ. ನಿಮ್ಮ ತಂಪು ನೀರಿನ ಪಂಪನ್ನ ಅಲ್ಲಿಗೆ ಹಾಕಿದ್ರಲ್ಲ, ಹಿಂದಿನ ದಿನ."

"ಇಲ್ವಲ್ಲಮ್ಮ." ಅವರು ಮೆಲ್ಲಗೆ ಕೆಮ್ಮಿದ್ರು. "ಪಂಪು ಇತ್ತು. ನೀರು ಓಡ್ತಿತ್ತು."

"ನಿಮಗೆ ಹೆಂಗೊತ್ತು? ನೋಡಿದ್ರಾ?"

"ನೋಡೋದೇನು, ಕೈ ಇಟ್ಟೆ. ಟ್ಯಾಂಕ್ ತುಂಬೋವಾಗ ಒಳಗಿಂದ ವಾಪಸ್ ಬರೋ ನೀರು ಬೆಚ್ಚಗಿರತ್ತೆ. ನಾವೆಲ್ಲ ಊಟದ ಡಬ್ಬಿ ತೊಳೆಯೋದು ಆ ನೀರಲ್ಲೇ. ಜಿಡ್ಡು ಚೆನ್ನಾಗಿ ಹೋಗತ್ತೆ. ಯಾವ ಟ್ಯಾಂಕ್ ತುಂಬ್ತಿದಾರೋ ಅಲ್ಲಿಗೆ ಡಬ್ಬಿ ಹಿಡ್ಕೊಂಡು ಸಾಲು ನಿಲ್ತೀವಿ. ಅವತ್ತೂ ಡಬ್ಬಿ ಹಿಡಿದೆ. ಕೈ ಬೊಬ್ಬೆ ಬರೋಷ್ಟು ಸುಡ್ತು ಕಣಮ್ಮ. ಡಬ್ಬಿ ಕೈಬಿಟ್ಟೆ. ಯಾವತ್ತೂ ಸ್ನಾನದ ನೀರಿನ ಥರ ಬರೋದು, ಅವತ್ತು ಹೊಗೆಯಾಡ್ತಾ ಬರ್ತಿತ್ತು."

"ಒತ್ತಡ? ಮುಳ್ಳು ಕೆಂಪಲ್ಲಿತ್ತಾ?"

"ಅದನ್ನೇ ಮೊದಲು ನೋಡಿದ್ದು ನಾನು. ಹಸಿರಲ್ಲಿತ್ತು. ಹಸಿರಿನ ನಡುಮಧ್ಯ. ಏನಪ್ಪಾ ಇದು, ಒತ್ತಡ ಸರಿ ಇದೆ, ನೀರು ಓಡ್ತಿದೆ, ಟ್ಯಾಂಕ್ ಯಾಕೆ ಕೆಂಡ ಆಗ್ತಿದೆ ಅಂತ ಪ್ರೊಫೆಸರ್‌ಗೆ ಹೇಳೋಕೆ ಅಂತ ಓಡ್ದೆ. ಹಿಂದೆ ಪೈಪಿನ ಜಾಯಿಂಟ್ ಹತ್ರ ಇರೋ ರಬ್ಬರು ಮೆತ್ತಗಾಗಿ ಬಿಟ್ಕೊಂಡಿರ್ಬೇಕು, ಭುಸ್ ಅಂತು. ವಾಪಸ್ ಓಡ್ದೆ, ವಾಲ್ವ್ ಮುಚ್ಚೋಕೆ."

ನಾನು ಎದ್ದು ನಿಂತೆ. ಕೂತು ಯೋಚನೆ ಮಾಡೋಕೆ ಆಗಲ್ಲ ನಂಗೆ.

ಭಾವ ಸುಳ್ಳು ಹೇಳ್ತಿದಾರಾ? ಯಾಕೆ ಹೇಳ್ಬೇಕು? ನೀರಿರ್ಲಿಲ್ಲ ಅಂದ್ರೆ ಅವರಿಗೇ ಒಳ್ಳೇದು. ಪ್ರೊಫೆಸರ್ ಒಪ್ಕೊಂಡಿದಾರೆ, ತಲೆ ಮೇಲಿಂದ ಭಾರ ಇಳಿದಿದೆ. ಸುಮ್ನೆ "ಹೂಂ" ಅಂದಿದ್ರೆ ಮುಗೀತಿತ್ತು. ತನಗೆ ನಷ್ಟ ಆಗೋ ಮಾತನ್ನ ಸುಮ್ಮಸುಮ್ಮನೆ ಯಾರೂ ಆಡಲ್ಲ.

ಹಂಗಿದ್ರೆ ಪ್ರೊಫೆಸರ್?

ನಿನ್ನೆ ಸಂಜೆ ಫೋನಲ್ಲಿ ಪ್ರೊಫೆಸರ್‌ನ ನಾನೇ ಕೇಳಿದ್ದೆ, "ಅವತ್ತು ಟ್ಯಾಂಕ್ ಬಿಸಿ ಇತ್ತಾ?" ಅಂತ. ನಾನು ಯಾವ ದಾರೀಲಿ ಬರ್ತಿದೀನಿ ಅಂತ ಅವರಿಗೆ ಆಗ್ಲೇ ಗೊತ್ತಾಗಿತ್ತು. ಒಂದು ಪಂಪು ಬಿಚ್ಚಿ ಕಾರಂಜಿಗೆ ಹಾಕೋಕೆ ಎಷ್ಟು ಹೊತ್ತು ಬೇಕು? ನಾನು ಹುಡುಕ್ಲೇ ಇಲ್ಲ. ಅವರೇ ಕೈ ಹಿಡಿದು ಕರ್ಕೊಂಡು ಹೋಗಿ ತೋರಿಸಿದ್ರು! ಮಾಡದ ತಪ್ಪನ್ನ ತಲೆ ತಗ್ಗಿಸಿ ಒಪ್ಕೊಂಡ್ರು! ನಾನು ಕುಣಿದಾಡ್ದೆ!

ಚಿಕ್ಕ ತಪ್ಪು ಒಪ್ಕೊಂಡಿದ್ದು ದೊಡ್ಡ ತಪ್ಪು ಮುಚ್ಚೋಕೆ.

ದೊಡ್ಡದು ಯಾವುದು? ಒತ್ತಡ ಹಸಿರಲ್ಲಿ. ಆ ಒತ್ತಡಕ್ಕೆ ಕಂಪನಿ ಹೇಳೋ ಪುಡಿ ಬರೀ ಬೆಚ್ಚಗಾಗಿ, ಇನ್ನು ಸಾಕು ಅಂತ ಕುಡಿಯೋದು ನಿಲ್ಲಿಸ್ಬೇಕು. ಕುದಿಯೋ ಬಿಸಿ ತನಕ ಹೋಗೋಕೆ ಸಾಧ್ಯಾನೇ ಇಲ್ಲ. ಅಷ್ಟು ಬಿಸೀಲೂ, ಅಷ್ಟು ಕಮ್ಮಿ ಒತ್ತಡದಲ್ಲೂ ಬಿಡದೆ ಕುಡೀತು ಅಂದ್ರೆ...

"ಭಾವಾ, ಅದು ಆ ಪುಡಿ ಅಲ್ಲ."

"ಅಂದ್ರೆ?"

"ಟ್ಯಾಂಕಲ್ಲಿ ಇರೋದು ಬೇರೆ ಮಿಶ್ರಲೋಹ. ಹೈಡ್ರೋಜನ್ನನ್ನ ಗಟ್ಟಿಯಾಗಿ ಕಚ್ಕೊಳ್ಳೋದು. ಗಟ್ಟಿಯಾಗಿ ಕಚ್ಕೊಂಡಷ್ಟೂ ಜಾಸ್ತಿ ಬಿಸಿ ಬಿಡತ್ತೆ. ಒಳ್ಳೇ ಪುಡಿ ಅಂತ ತೋರಿಸಿ, ಯಾವುದೋ ಅಗ್ಗದ್ದು ತುಂಬಿದಾರೆ. ಇದೊಂದೇ ಟ್ಯಾಂಕೋ, ಆಚೆ ಹೋಗಿರೋ ಎಲ್ಲಾ ಟ್ಯಾಂಕೋ..." ನನ್ನ ದನಿ ಏರಿತು. ಪಕ್ಕದ ಮಂಚದೋರು ಎದ್ದು ಕೂತ್ರು. "ಜನ ಆ ಗಾಡಿಗಳ ಮೇಲೆ ಕೂತು ದಿನಾ ಓಡಿಸ್ತಿದಾರೆ ಭಾವ! ಸೀಟಿನ ಹಿಂದೇನೇ ಇಟ್ಕೊಂಡು!"

"ಮೆತ್ತಗೆ. ಒಂದು ಚಮಚ ಪುಡಿ ಸಿಕ್ಕಿದ್ರೆ ಗೊತ್ತಾಗತ್ತಲ್ಲ?"

"ಗೊತ್ತಾಗತ್ತೆ. ನಾನು ಮೊದಲು ಕೆಲಸ ಮಾಡ್ತಿದ್ದ ಲ್ಯಾಬಲ್ಲೇ..."

ಸೀಲು. ಇನ್ಸ್‌ಪೆಕ್ಟರ್ ಜೇಬಿಗೆ ಹೋದ ಸೀಲು. "ನಂಗೇನೂ ಬೇಡ ಸಾರ್, ತೆಗೀರಿ" ಅಂದಿದ್ದು ಯಾರು? ನಾನು. ನನ್ನ ಈ ಉದ್ದ ನಾಲಿಗೆ!

ಆಗ ಮಂಚದ ಪಕ್ಕದ ಸ್ಟೂಲು ಖಾಲಿ ಇರೋದು ಕಣ್ಣಿಗೆ ಬಿತ್ತು.

"ಅಕ್ಕ ಎಲ್ಲಿ?"

"ಫ್ಯಾಕ್ಟರಿಗೆ ಹೋದ್ಳು. ನಿಂಗೆ ದಾರೀಲಿ ಸಿಗ್ಲಿಲ್ವಾ? ಪ್ರೊಫೆಸರ್ ಫೋನ್ ಮಾಡಿ ಕ್ಷಮೆ ಕೇಳಿದ್ರಂತೆ. ಟ್ಯಾಂಕ್ ಬಿಚ್ಚಿ ಸ್ವಚ್ಛ ಮಾಡ್ತಾರಂತೆ, ಆಮೇಲೆ ಮತ್ತೆ ಯಾರೂ ನಮ್ಮ ಮೇಲೆ ಮಾತಾಡ್ಬಾರ್ದು ಅಂದ್ರೆ ಮನೆಯೋರು ಒಬ್ರು ಎದುರಿಗಿರ್ಲಿ ಅಂದ್ರಂತೆ. ಬೈಯೋಕೂ ಒಳ್ಳೇ ಅವಕಾಶ ಅಂತ ಚಪ್ಪಲಿ ಮೆಟ್ಕೊಂಡು ಹೊರಟ್ಳು."

ಅಕ್ಕನ ನಂಬರ್ ಒತ್ತಿದೆ. ಫೋನ್ ರಿಂಗಾಯ್ತು. ಆಯ್ತು. ಆಯ್ತು. ಎತ್ತಿದ್ಲು.

"ಏನೇ? ಇಲ್ಲಿ ಸದ್ದು, ಜೋರಾಗಿ ಹೇಳು!"

ಹಿಂದೆ ಕಬ್ಬಿಣದ ಮೇಲೆ ಸ್ಪ್ಯಾನರ್ ತಿರುಗೋ ಸದ್ದು.

"ಅಕ್ಕಾ, ಟ್ಯಾಂಕ್ ಬಿಚ್ಚೋದು ನಿಲ್ಸು! ಹೊರಗೆ ಬಾ!"

"ಯಾಕೇ? ಮುಚ್ಚಳದ ಬೋಲ್ಟು ಅರ್ಧ ಬಂದಿದೆ. ಇಬ್ರು ಹುಷಾರಾಗೇ ಬಿಚ್ತಿದಾರೆ. ಖಾಲಿ ಟ್ಯಾಂಕು ಕಣೆ, ನಾನೇ ನೋಡ್ದೆ, ಮೀಟರ್ ಮುಳ್ಳು ಸೊನ್ನೆ ಮೇಲಿದೆ."

ಸೊನ್ನೆ.

ಸರಿಯಾದ ಪುಡಿ ಆಗಿದ್ರೆ ಸೊನ್ನೆ ಅಂದ್ರೆ ಖಾಲಿ. ಗ್ಯಾಸ್ ಇದ್ದಿದ್ರೆ ಈ ಸೆಕೆಗೇ ಅದು ಹೊರಗೆ ತಳ್ತಿತ್ತು, ಮುಳ್ಳು ಏಳ್ತಿತ್ತು. ಆದ್ರೆ ಗಟ್ಟಿಯಾಗಿ ಕಚ್ಕೊಳ್ಳೋ ಪುಡಿ, ಆರಿ ತಣ್ಣಗಾದ ಮೇಲೆ, ಹೊಟ್ಟೆ ತುಂಬಾ ಗ್ಯಾಸ್ ಇಟ್ಕೊಂಡೂ ಏನೂ ಗೊತ್ತಿಲ್ಲದ ಹಾಗೆ ಕೂರತ್ತೆ. ಮುಳ್ಳು ಸೊನ್ನೆ ತೋರಿಸತ್ತೆ. ಆ ನುಣ್ಣನೆ ಪುಡಿಗೆ ಗಾಳಿ ಸೋಕಿದ್ರೆ ಕಡ್ಡಿ ಗೀರೋದೂ ಬೇಕಾಗಿಲ್ಲ.

"ಅಕ್ಕಾ, ಅದು ಖಾಲಿ ಇಲ್ಲ! ತುಂಬಿದೆ! ಸ್ಪ್ಯಾನರ್ ಕಿತ್ಕೋ ಅವರ ಕೈಯಿಂದ! ಪ್ರೊಫೆಸರ್‌ಗೆ ಫೋನ್ ಕೊಡು!"

"ಪ್ರೊಫೆಸರ್ ಇಲ್ಲಿಲ್ವಲ್ಲೇ." ಸ್ಪ್ಯಾನರ್ ಸದ್ದು ನಿಂತೋಯ್ತು. ಅಕ್ಕನ ದನಿ ಈಗ ಸ್ಪಷ್ಟವಾಗಿ ಕೇಳಿಸ್ತು. ಮೊದಲನೇ ಸಲ ಅದರಲ್ಲಿ ಸಿಟ್ಟಿರ್ಲಿಲ್ಲ. "ಈಗ ಬಂದೆ ಅಂತ ಹೊರಗೆ ಹೋದ್ರು. ಧೂಳು ಬರತ್ತೆ ಅಂತ ಬಾಗಿಲು ಎಳ್ಕೊಂಡು ಹೋದ್ರು... ಇರು... ಅದು ತೆಗೀತಾ ಇಲ್ಲ ಕಣೆ."